ತಣಿಯುವ ತನಕ

ಮೊದಲು ಎಂಜಿನ್ ಮುಟ್ಟಿ ನೋಡು, ಎಂದಿದ್ದ ದಾದ್ ಕರೀಮ್,
ಬೆಲೆ ಕೇಳುವ ಮೊದಲೇ, ಕೈ ಕುಲುಕುವ ಮೊದಲೇ.
ಬಿಸಿಯಿದ್ದರೆ ತಿಳಿದುಕೋ,
ನೀನು ಬರುವ ಮುನ್ನ ಒದ್ದು ಒದ್ದು ಎಬ್ಬಿಸಿಟ್ಟಿದ್ದಾರೆ,
ತಣ್ಣಗಿದ್ದಾಗ ಏಳದ ಗಾಡಿ ಅದು.

ಮುಟ್ಟಿದೆ, ಜ್ವರ ನೋಡುವಂತೆ ಹಿಂಗೈಯಲ್ಲಿ.
ಬಿಸಿ.
ಟ್ಯಾಂಕ್ ಮುಟ್ಟಿದೆ, ಬಿಸಿ. ಪಕ್ಕದ ಗೇಟು, ಬಿಸಿ.
ಗೋಡೆಗೊರಗಿಸಿದ ಖಾಲಿ ಗ್ಯಾಸ್ ಸಿಲಿಂಡರು, ನನ್ನದೇ ಬಳೆ.
ಸೋಹಾರಿನಲ್ಲಿ ಆಗಸ್ಟಿನ ನಾಲ್ಕು ಗಂಟೆಗೆ
ತಣ್ಣಗಿರುವ ಲೋಹ ಎಲ್ಲಿದೆ?
ಸೂರ್ಯನ ಶಾಖ ಯಾವುದು, ಸುಳ್ಳಿನದು ಯಾವುದು,
ಹೇಳುವ ಥರ್ಮಾಮೀಟರು
ನಮ್ಮ ಕ್ಲಿನಿಕ್ಕಿನಲ್ಲೂ ಇಲ್ಲ.

ಪುಕ್ಕಟೆ ಬಂದ ಎಮ್ಮೆಯ ಹಲ್ಲೆಣಿಸಬಾರದಂತೆ.
ಇದು ಪುಕ್ಕಟೆಯಲ್ಲ, ನಾನೂರ ಇಪ್ಪತ್ತು ರಿಯಾಲು.
ನೆಲದಲ್ಲಿ ಕುಕ್ಕರಿಸಿ ಎಣಿಸಿದೆ,
ಹಿಂಚಕ್ರದ ಸ್ಪ್ರಾಕೆಟ್ಟಿಗೆ ಐವತ್ತು ಹಲ್ಲು.
ಹದಿನಾಲ್ಕು ವರ್ಷ ಕಂಡವರ ಬಾಯೊಳಗೆ ಕನ್ನಡಿ ಹಿಡಿದವಳು,
ಸವೆದದ್ದು ನನಗೇನು ಹೊಸತು?
ಎಲ್ಲವೂ ಒಂದೇ ಕಡೆ ಬಾಗಿ, ತುದಿ ಚೂಪಾಗಿ,
ಕಡಲಗಾಳಿಗೆ ಬೆನ್ನು ಕೊಟ್ಟ ಹುಲ್ಲಿನಂತೆ.
'ಚೈನು ಹೊಸತು' ಎಂದ ರೊಡೆಲ್.
ಹೊಸ ಚೈನು, ಹಳೇ ಹಲ್ಲು,
ಒಂದನ್ನೊಂದು ತಿಂದು ಆರು ತಿಂಗಳಿಗೆ ಎರಡೂ ಮುಗಿಯುತ್ತವೆ.
ಮೂವತ್ತು ರಿಯಾಲು ಕಳೆ, ಬರೆದುಕೊಂಡೆ.

'ಮುಲ್ಕಿಯಾ?' ಕೇಳಿದ ದಾದ್ ಕರೀಮ್.
ಈ ಊರಲ್ಲಿ ಯಾರು ಆ ಶಬ್ದ ಎತ್ತಿದರೂ
ನನಗೆ ಮುಲ್ಕಿ ಸ್ಟೇಷನ್ನಿನ ಹಳದಿ ಬೋರ್ಡೇ ಕಾಣುವುದು.
ಗಾಡಿಯ ಕಾಗದ ಎಂದು ನೆನಪಾಗಲು ಅರೆಗಳಿಗೆ ಬೇಕು.
ಇಲ್ಲವಂತೆ. ನಂಬರಿಲ್ಲ, ದೀಪವಿಲ್ಲ, ಹಾರ್ನಿಲ್ಲ,
ರಸ್ತೆಯ ಲೆಕ್ಕದಲ್ಲಿ ಇದು ಹುಟ್ಟಿಯೇ ಇಲ್ಲ.
ಪಿಕಪ್ಪಿನ ಬೆನ್ನೇರಿ ವಾದಿಗೆ ಹೋಗಬೇಕು,
ಪಿಕಪ್ಪಿನಲ್ಲೇ ಮರಳಬೇಕು, ಮದುಮಗಳ ಹಾಗೆ.

'ಇವತ್ತು ಸ್ಟಾರ್ಟ್ ಮಾಡಿದ್ದೆಯಾ?'
'ಇಲ್ಲ ಮ್ಯಾಡಮ್, ಶುಕ್ರವಾರದಿಂದ ಮುಟ್ಟಿಲ್ಲ.'
ಆ ಮುಖ ನನಗೆ ಗೊತ್ತು. ದಿನಾ ಬಂದು ಕುರ್ಚಿಯಲ್ಲಿ ಒರಗುತ್ತದೆ,
ದಿನಕ್ಕೆರಡು ಸಲ ಉಜ್ಜುತ್ತೇನೆ ಎನ್ನುತ್ತದೆ.
ಬೈಯಲಿಲ್ಲ. ಕಾಯೋಣ, ಎಂದೆ.

ಕರಕ್ ಚಹಾ ಬಂತು, ಮೂರು ಕಾಗದದ ಲೋಟ.
ಬಂದರಿನ ಕೆಲಸ ಮುಗಿಯಿತು, ಗುರುವಾರ ವಿಮಾನ, ಎಂದ.
ಯಾರೂ ಕೇಳದೆಯೇ ಗೀರುಗಳನ್ನು ತೋರಿಸತೊಡಗಿದ:
ಇದು ಹಿಬೀ ವಾದಿಯ ಕಲ್ಲು. ಇದು ಒಂಟೆ ಅಡ್ಡ ಬಂದದ್ದು.
ಇದು ನಿಂತಲ್ಲೇ ಬಿದ್ದದ್ದು, ಯಾರಿಗೂ ಹೇಳಿಲ್ಲ.
ನೆರಳು ಗೇಟು ದಾಟಿತು. ಮಗ್ರಿಬಿನ ಬಾಂಗು ಆಯಿತು.
ದಾದ್ ಕರೀಮ್ ಹೋಗಿ ನಮಾಜು ಮುಗಿಸಿ ಬಂದ.
ಮತ್ತೆ ಹಿಂಗೈ ಇಟ್ಟೆ.
ಈಗ ಗೋಡೆಯಷ್ಟೇ.

ಒದ್ದೆ. ಇಲ್ಲ.
ಎರಡು, ಮೂರು. ಸೀಟು ನನ್ನ ಸೊಂಟಕ್ಕಿಂತ ಎತ್ತರ,
ಒಂದು ಕಾಲು ತಾಗಿದರೆ ಇನ್ನೊಂದು ಗಾಳಿಯಲ್ಲಿ.
ಆರನೆಯದಕ್ಕೆ ಮೊಣಕಾಲು ಬೇಡವೆಂದಿತು,
ನಲವತ್ತೇಳರ ಮೊಣಕಾಲು.
ಆಗ ರೊಡೆಲ್, ನೆಲ ನೋಡುತ್ತ, ಮೆಲ್ಲಗೆ:
'ಚೋಕ್ ಪೂರ್ತಿ ಬೇಡ, ಅರ್ಧ ಎಳೆಯಿರಿ.
ತಣ್ಣಗಿದ್ದರೆ ಅದಕ್ಕೆ ಹಾಗೇ ಬೇಕು.'
ಒಂಬತ್ತನೆಯ ಒದೆತಕ್ಕೆ ಕೆಮ್ಮಿತು,
ಕೆಮ್ಮಿ, ಉಸಿರು ಹಿಡಿದು, ಹೊತ್ತಿಕೊಂಡಿತು.

ಮುನ್ನೂರ ಎಪ್ಪತ್ತು ಕೊಟ್ಟೆ. ಎಣಿಸದೆ ಜೇಬಿಗಿಟ್ಟ.
ಹೆಲ್ಮೆಟ್ಟನ್ನು ಹಾಗೇ ಕೊಟ್ಟ, ಒಳಗೆ ಅವನ ಬೆವರಿನ ವಾಸನೆ.

ಮೊನ್ನೆ ಶುಕ್ರವಾರ, ಜಿಝ್ಜಿ ವಾದಿಯ ಜಲ್ಲಿಯಲ್ಲಿ
ಟಯರಿನ ಗಾಳಿ ಇಳಿಸಿ, ಮೊದಲ ಗಿಯರಿನಲ್ಲೇ
ನೂರು ಗಜ ಹೋದೆ.
ದೂರ ನೋಡು, ಚಕ್ರ ನೋಡಬೇಡ, ಕೂಗುತ್ತಿದ್ದ ದಾದ್ ಕರೀಮ್.
ಚಕ್ರ ನೋಡಿದೆ. ಬಿದ್ದೆ.
ಎದ್ದು ನೋಡಿದರೆ ಟ್ಯಾಂಕಿನ ಮೇಲೆ
ರೊಡೆಲ್‌ನ ಗೀರುಗಳ ಪಕ್ಕ ಒಂದು ಹೊಸದು, ಹೊಳೆಯುತ್ತಿತ್ತು.

ಶನಿವಾರ ಎಂಟಕ್ಕೆ ಮೊದಲ ರೋಗಿ.
ಬಾಯಿ ಮುಕ್ಕಳಿಸಿ, ಎಂದೆ ಮಾಸ್ಕಿನೊಳಗಿಂದ.
ನನ್ನ ದವಡೆಯ ಮೂಲೆಯಲ್ಲಿ
ಇನ್ನೂ ಕಟಕಟ ಎನ್ನುವ ಮರಳು.